ಬೀನ್ಸ್ ಬಳ್ಳಿಗೊಂದು ವಿಲೋ ಗೋಪುರ

ತೋಟಕ್ಕೆ ವಿಲೋ ಅನ್ನುವ ಗಿಡದ ಬಳುಕುವ ಕಡ್ಡಿಯಲ್ಲಿ ಏನಾದರೂ ಹೆಣೆಯಬೇಕು ಅಂತ ಆಸೆ ಇದ್ದರೆ, ಕೈ ಚುರುಕಿದೆಯಾ ಇಲ್ಲವಾ ಅನ್ನೋದನ್ನು ಆಮೇಲೆ ನೋಡಿ. ಮೊದಲು, ಆರಡಿ ಉದ್ದದ ಒಣ ಕಡ್ಡಿ ಕಟ್ಟನ್ನು, ಮುರಿಯದೆ ಬಾಗಲಿ ಅಂತ, ಒಂದು ವಾರ ಪೂರ್ತಿ ನೀರಲ್ಲಿ ಮುಳುಗಿಸಿಡಲು ಮನೆಯಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಇಂಗ್ಲೆಂಡಿನ ಬಾತ್‌ಟಬ್‌ಗಳು ಸಾಮಾನ್ಯವಾಗಿ ಐದೂವರೆ ಅಡಿ ಇರುತ್ತವೆ. ಕಡ್ಡಿ ಆರಡಿ. ಮೇಲಾಗಿ ಒಣಗಿದ ಕಡ್ಡಿ ತೇಲುತ್ತದೆ, ಅದರ ಮೇಲೆ ಕಲ್ಲು ಹೇರಬೇಕು. ಆ ವಾರ ಮನೆಯವರೆಲ್ಲ ಸ್ನಾನ ಎಲ್ಲಿ ಮಾಡಬೇಕು ಅನ್ನೋದು ಬೇರೆ ಪ್ರಶ್ನೆ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಸಣ್ಣ ಜಗಳವೇ ಆಗಿ, ಕೊನೆಗೆ ನನ್ನ ಗಂಡ ಒಂದು ದಪ್ಪ ಪೈಪ್ ತಂದು, ಕೆಳಗಡೆ ಮುಚ್ಚಳ ಬಿಗಿದು, ಹಿತ್ತಿಲ ಗೋಡೆಗೆ ಒರಗಿಸಿ ನೀರು ತುಂಬಿಸಿದ. ಈಗ ಅದೇ ನಮ್ಮ ಪರ್ಮನೆಂಟ್ ವ್ಯವಸ್ಥೆ.

ನಾವಿರುವುದು ಬ್ರಿಸ್ಟಲ್‌ನಲ್ಲಿ. ಇಲ್ಲಿಂದ ಕಾರಲ್ಲಿ ಒಂದು ಗಂಟೆಯ ಆಸುಪಾಸು ದಕ್ಷಿಣಕ್ಕೆ ಹೋದರೆ ಸಾಮರ್‌ಸೆಟ್ ಲೆವೆಲ್ಸ್ ಸಿಗುತ್ತದೆ. ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ, ಉದ್ದಕ್ಕೂ ಕಾಲುವೆಗಳೇ ತುಂಬಿರುವ ಜೌಗು ಬಯಲು ಅದು. ಚಳಿಗಾಲದಲ್ಲಿ ನೀರು ನಿಲ್ಲುವುದು ಅಲ್ಲಿ ಮಾಮೂಲಿ. 2013-14ರ ಚಳಿಗಾಲದಲ್ಲಂತೂ ಕೆಲವು ಊರುಗಳು ವಾರಗಟ್ಟಲೆ ನೀರಲ್ಲೇ ನಿಂತಿದ್ದವು. ಬೇರೆ ಬೆಳೆಯಾದರೆ ಕೊಳೆತು ಹೋಗುತ್ತಿತ್ತು. ವಿಲೋಗೆ ಮಾತ್ರ ಇಂಥ ಜಾಗ ಚೆನ್ನಾಗಿ ಒಗ್ಗುತ್ತದೆ. ಗ್ಲಾಸ್ಟನ್‌ಬರಿ ಹತ್ತಿರ 1892ರಲ್ಲಿ ಪತ್ತೆಯಾದ ಕಬ್ಬಿಣಯುಗದ ಹಳ್ಳಿಯ ಅವಶೇಷಗಳಲ್ಲಿ ಹೆಣೆದ ಬುಟ್ಟಿಗಳೂ ಸಿಕ್ಕಿವೆ. ಅಂದರೆ ಈ ಕೆಲಸ ಇಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಸ್ಟೋಕ್ ಸೇಂಟ್ ಗ್ರೆಗರಿ ಅನ್ನುವ ಹಳ್ಳಿಯಲ್ಲಿ ಕೋಟ್ಸ್ ಅನ್ನುವ ಮನೆತನ 1819ರಿಂದ ವಿಲೋ ಬೆಳೆಯುತ್ತಲೇ ಬಂದಿದೆ. ಚಿತ್ರ ಬರೆಯುವವರು ಬಳಸುವ ಚಾರ್ಕೋಲ್ ಕಡ್ಡಿಯನ್ನೂ ಅವರು ವಿಲೋ ಸುಟ್ಟೇ ಮಾಡುತ್ತಾರೆ.

ವಿಲೋ ಅಂದರೆ ನಮಗೆಲ್ಲ ನೆನಪಾಗುವುದು ಕ್ರಿಕೆಟ್ ಬ್ಯಾಟು. ಅದು ಬೇರೆ ಜಾತಿ, ದೊಡ್ಡ ಮರ. ಹೆಣಿಗೆಯ ವಿಲೋವನ್ನು ಮರ ಆಗೋಕೆ ಬಿಡುವುದೇ ಇಲ್ಲ. ಒಂದಡಿ ಉದ್ದದ ತುಂಡುಗಳನ್ನು ಸಾಲಾಗಿ, ಒತ್ತೊತ್ತಾಗಿ ನೆಡುತ್ತಾರೆ. ಪ್ರತಿ ಚಳಿಗಾಲದಲ್ಲೂ ಎಲೆ ಉದುರಿದ ಮೇಲೆ ಬುಡದವರೆಗೆ ಕತ್ತರಿಸುತ್ತಾರೆ. ಬೇಸಿಗೆಯಲ್ಲಿ ಅದೇ ಬುಡದಿಂದ ಮತ್ತೆ ಆರು, ಏಳು, ಎಂಟಡಿ ನೇರವಾದ ಕಡ್ಡಿಗಳು ಕವಲಿಲ್ಲದೆ ಎದ್ದು ಬರುತ್ತವೆ. ಒಂದು ಸಲ ನೆಟ್ಟರೆ ಹತ್ತಾರು ವರ್ಷ ಹೀಗೇ ಕೊಯ್ಯಬಹುದು. ಸಾಮರ್‌ಸೆಟ್‌ನಲ್ಲಿ ಜಾಸ್ತಿ ಬೆಳೆಯುವ ತಳಿಯ ಹೆಸರು ಬ್ಲ್ಯಾಕ್ ಮಾಲ್. ಒಂದೇ ವರ್ಷದ ಕಡ್ಡಿ ಆದ್ದರಿಂದ ಅದಕ್ಕೆ ಆ ಬಳುಕು. ಎರಡನೇ ವರ್ಷಕ್ಕೆ ಬಿಟ್ಟರೆ ಕವಲೊಡೆಯುತ್ತದೆ, ಬುಟ್ಟಿಗೆ ಬರುವುದಿಲ್ಲ.

ನಾನು ಕಲಿಯೋಕೆ ಹೋಗಿದ್ದು ಲೆವೆಲ್ಸ್‌ನ ಒಂದು ಹಳ್ಳಿಯ ಸಮುದಾಯ ಭವನಕ್ಕೆ. ಫೆಬ್ರವರಿ, ಹೊರಗೆ ಸಣ್ಣ ಮಳೆ, ಒಳಗೆ ಹೀಟರ್ ಇದ್ದೂ ಇಲ್ಲದ ಹಾಗೆ. ಟೀಚರ್ ಎಪ್ಪತ್ತರ ಆಸುಪಾಸಿನ ಹೆಂಗಸು. ಬಂದ ಕೂಡಲೇ ಹೆಣೆಯಲು ಕೂರಿಸುತ್ತಾರೆ ಅಂತ ನಾವೆಲ್ಲ ಅಂಗಿ ತೋಳು ಮಡಚಿಕೊಂಡು ಕೂತಿದ್ದರೆ, ಅವರು ಎಲ್ಲರ ಮುಂದೆ ಒಂದೊಂದು ಕಟ್ಟು ಇಟ್ಟು, ಇದನ್ನು ಬಿಚ್ಚಿ ವಿಂಗಡಿಸಿ ಅಂದರು. ಉದ್ದ ಒಂದು ಕಡೆ, ಗಿಡ್ಡ ಒಂದು ಕಡೆ. ಉದ್ದದಲ್ಲೇ ದಪ್ಪ ಬೇರೆ, ತೆಳು ಬೇರೆ. ಸೊಟ್ಟಗಿದ್ದದ್ದು, ತುದಿ ಮುರಿದದ್ದು ಮೂಲೆಗೆ. ಬೆಳಗಿನ ಟೀ ಬರುವವರೆಗೆ ಇದೇ ಕೆಲಸ.

ಹಿಂದೆ ಬೆಳೆಗಾರರು ಇದಕ್ಕೆ ಒಂದು ಒಳ್ಳೆ ಉಪಾಯ ಮಾಡಿಕೊಂಡಿದ್ದರಂತೆ. ನೆಲದಲ್ಲಿ ಹುಗಿದ ಪೀಪಾಯಿಯೊಳಗೆ ಕಟ್ಟನ್ನು ನಿಲ್ಲಿಸುವುದು, ಪಕ್ಕದಲ್ಲಿ ಅಡಿ ಗುರುತು ಹಾಕಿದ ಕೋಲು. ಎಲ್ಲಕ್ಕಿಂತ ಎತ್ತರ ಕಾಣುವ ಕಡ್ಡಿಗಳನ್ನು ಮೊದಲು ಸೆಳೆದುಕೊಳ್ಳುವುದು, ಆಮೇಲೆ ಅದಕ್ಕಿಂತ ಒಂದಡಿ ಕಡಿಮೆಯವು, ಹೀಗೆ ಇಳಿಯುತ್ತಾ ಹೋಗುವುದು. ಈಗಲೂ ಕಡ್ಡಿ ಮಾರುವುದು ಅಡಿ ಲೆಕ್ಕದಲ್ಲೇ. ಕಟ್ಟಿಗೆ ಬೋಲ್ಟ್ ಅನ್ನುತ್ತಾರೆ.

ವಿಂಗಡಿಸುವುದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಮಧ್ಯಾಹ್ನ. ನಾವು ಮಾಡುತ್ತಿದ್ದದ್ದು ಬಳ್ಳಿ ಹಬ್ಬಿಸುವ ಗೋಪುರ, ಆಳೆತ್ತರದ್ದು. ಮರದ ಹಲಗೆಯಲ್ಲಿ ದುಂಡಗೆ ತೂತು ಕೊರೆದಿರುತ್ತಾರೆ. ಅದರಲ್ಲಿ ದಪ್ಪ ಕಡ್ಡಿಗಳನ್ನು ಬುಡ ಕೆಳಗೆ ಮಾಡಿ ನಿಲ್ಲಿಸಿ, ಮೇಲೆ ತುದಿಗಳನ್ನೆಲ್ಲ ಒಟ್ಟು ಸೇರಿಸಿ ದಾರದಲ್ಲಿ ಕಟ್ಟಬೇಕು. ಮನೆಯಲ್ಲಿ ಮಾಡುವಾಗ ಹಲಗೆ ಬೇಕಿಲ್ಲ, ಹುಲ್ಲುಹಾಸಿಗೇ ಚುಚ್ಚಬಹುದು. ನಿಂತ ಕಡ್ಡಿಗಿಂತ ಹೆಣೆಯುವ ಕಡ್ಡಿ ತೆಳುವಾಗಿರಬೇಕು. ಹೆಣೆಯುವ ಕಡ್ಡಿಯೇ ದಪ್ಪಗಿದ್ದರೆ ಅದು ಬಾಗುವುದಿಲ್ಲ, ನಿಂತ ಕಡ್ಡಿಯನ್ನೇ ಬಾಗಿಸುತ್ತದೆ. ಆಗ ಗೋಪುರ ನೇರವಾಗಿ ಏಳದೆ ಸೊಂಟ ತಿರುಚಿಕೊಂಡು ನಿಲ್ಲುತ್ತದೆ. ನನ್ನ ಎದುರು ಕೂತಿದ್ದವರದ್ದು ಹಾಗೇ ಆಯಿತು. ಟೀಚರ್ ಬಂದು ಏನೂ ಅನ್ನದೆ ಎರಡು ಕಡ್ಡಿ ಹಿರಿದು, ಅವರ ರಾಶಿಯಿಂದಲೇ ಬೇರೆ ಎರಡು ಆರಿಸಿ ಕೊಟ್ಟು ಹೋದರು. ನೆಟ್ಟಗಾಯಿತು.

ಹೆಣೆಯುವ ಕ್ರಮ ಕೇಳಿದರೆ ಸುಲಭ. ಎರಡು ತೆಳು ಕಡ್ಡಿ ತಗೊಂಡು ತುದಿಗಳನ್ನು ಪಕ್ಕಪಕ್ಕದ ಎರಡು ಸಂದಿಯಲ್ಲಿ ಒಳಗೆ ಸಿಕ್ಕಿಸಿ. ಎರಡರ ಬುಡವೂ ನಿಮ್ಮ ಕಡೆ ಚಾಚಿಕೊಂಡಿರುತ್ತದೆ. ಎಡಗಡೆಯದನ್ನು ಎತ್ತಿ, ಬಲಗಡೆಯದರ ಮೇಲಿಂದ ದಾಟಿಸಿ, ಒಂದು ನಿಂತ ಕಡ್ಡಿಯ ಮುಂದೆ ಹಾಯಿಸಿ, ಅದರಾಚೆಯದರ ಹಿಂದೆ ಹಾಕಿ ಹೊರಗೆಳೆಯಿರಿ. ಈಗ ಅದು ಬಲಗಡೆಯದಾಯಿತು. ಮತ್ತೆ ಎಡಗಡೆಯದನ್ನು ಎತ್ತಿ. ಅಷ್ಟೇ. ಪ್ರತಿ ಸಲವೂ ಎಡಗಡೆಯದೇ. ತಳದ ಮೊದಲ ಸುತ್ತು ಗಟ್ಟಿ ಬೇಕು ಅಂತ ಅಲ್ಲಿ ಮಾತ್ರ ಮೂರು ಕಡ್ಡಿ ಹಿಡಿದು, ಎರಡರ ಮುಂದೆ ಒಂದರ ಹಿಂದೆ ಅಂತ ಹೋಗುತ್ತಾರೆ.

ಬಾಯಲ್ಲಿ ಹೇಳಿದ್ದು ಕೈಗೆ ಇಳಿಯೋಕೆ ಹೊತ್ತು ಹಿಡಿಯುತ್ತದೆ. ಮುಖ್ಯವಾಗಿ ಎಡಗೈ ಹೆಬ್ಬೆರಳು. ಬಲಗೈ ಎಳೆಯುವಾಗ ಎಡಗೈ ಹೆಬ್ಬೆರಳು ಕಡ್ಡಿಯನ್ನು ನಿಂತ ಕಡ್ಡಿಗೆ ಒತ್ತಿ ಹಿಡಿದಿರಬೇಕು. ಬಾಗಬೇಕಾದ್ದು ಆ ಹೆಬ್ಬೆರಳ ಕೆಳಗೇ. ಹಿಡಿತ ಸಡಿಲ ಬಿಟ್ಟರೆ ಕಡ್ಡಿ ತನಗೆ ಬೇಕಾದ ಕಡೆ ಬಾಗುತ್ತದೆ, ಇಲ್ಲವೇ ಲಟ್ ಅಂತ ಮುರಿಯುತ್ತದೆ. ಸಾಯಂಕಾಲಕ್ಕೆ ಆ ಬೆರಳು ಕೆಂಪಗೆ ಊದಿಕೊಂಡು, ಮರುದಿನ ಚಪಾತಿ ಹಿಟ್ಟು ನಾದೋಕೂ ಆಗಲಿಲ್ಲ.

ಇನ್ನು ಜೋಡಿಸುವುದು. ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ದಾರದಷ್ಟು ತೆಳು. ಹಾಗಾಗಿ ಬುಡ ಮುಗಿದಲ್ಲಿ ಹೊಸ ಕಡ್ಡಿಯ ಬುಡ ಸೇರಿಸಬೇಕು, ತುದಿ ಮುಗಿದಲ್ಲಿ ತುದಿ. ಇದನ್ನು ತಪ್ಪಿಸಿದರೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಜೊಳ್ಳು. ಎಲ್ಲ ಮುಗಿದ ಮೇಲೆ ಹೊರಗೆ ಉಳಿದ ತುಂಡುಗಳನ್ನು ಸೆಕಟೇರ್ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸುವುದು. ನಿಂತ ಕಡ್ಡಿಗೆ ಸ್ವಲ್ಪ ಒರಗಿಕೊಂಡೇ ಇರಬೇಕು ಆ ತುಂಡು, ತೀರಾ ಗಿಡ್ಡ ಕತ್ತರಿಸಿದರೆ ಒಣಗಿದಾಗ ಒಳಕ್ಕೆ ಜಾರಿ ಬಿಡುತ್ತದೆ. ಹಾಂ, ಹೆಣೆಯುವಾಗ ಉದ್ದ ಕಡ್ಡಿ ಬೀಸಿ ಪಕ್ಕದವರ ಕಣ್ಣಿಗೆ ಚುಚ್ಚದಂತೆ ನೋಡಿಕೊಳ್ಳಿ. ಇದನ್ನು ಟೀಚರ್ ದಿನವಿಡೀ ಹೇಳುತ್ತಲೇ ಇದ್ದರು.

ನೆನೆಸುವ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಮನೆಯಲ್ಲಿ ಮಾಡುವವರಿಗೆ ಗೊಂದಲ ಆಗುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಕಡ್ಡಿ ಮುಖ್ಯವಾಗಿ ಮೂರು ಥರ. ಸಿಪ್ಪೆ ಸಮೇತ ಒಣಗಿಸಿದ್ದು ಬ್ರೌನ್. ಸಿಪ್ಪೆ ಸಮೇತ ಗಂಟೆಗಟ್ಟಲೆ ಕುದಿಸಿ ಆಮೇಲೆ ಸುಲಿದದ್ದು ಬಫ್. ಸಿಪ್ಪೆಯೊಳಗಿನ ಟ್ಯಾನಿನ್ ಒಳಗಿಳಿದು ಅದಕ್ಕೆ ಕೆಂಗಂದು ಬಣ್ಣ ಬರುತ್ತದೆ. ಚಳಿಗಾಲದಲ್ಲಿ ಕೊಯ್ದದ್ದನ್ನು ವಸಂತದವರೆಗೂ ನೀರಲ್ಲಿ ನಿಲ್ಲಿಸಿ, ಚಿಗುರುವ ಹೊತ್ತಿಗೆ ಸುಲಿದರೆ ಬಿಳಿ ಕಡ್ಡಿ. ಹಿಂದೆ ಸುಲಿಯುವ ಕೆಲಸ ಹೆಂಗಸರು ಮಕ್ಕಳದ್ದಾಗಿತ್ತು. ತೋಟಕ್ಕೆ ಬೇಕಾದ್ದು ಬ್ರೌನ್, ಸಿಪ್ಪೆ ಇರುವುದರಿಂದ ನೀರು ಒಳಗಿಳಿಯೋಕೆ ದಿನಗಟ್ಟಲೆ ಬೇಕು. ಒಂದಡಿಗೆ ಒಂದು ದಿನ ಅಂತ ಲೆಕ್ಕ ಇಟ್ಟುಕೊಂಡರೆ ಸಾಕು. ಬಫ್ ಮತ್ತು ಬಿಳಿಗೆ ಕೆಲವು ಗಂಟೆ ಸಾಕಾಗುತ್ತದೆ.

ನೀರಿಂದ ತೆಗೆದ ಕೂಡಲೇ ಹೆಣೆಯುವಂತಿಲ್ಲ. ಮೊಳಕೆಗೆ ಹೆಸರುಕಾಳು ಕಟ್ಟಿಡುವ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಬಿಡಬೇಕು. ಆಗ ಮೇಲಿನ ನೀರು ಆರಿ ಒಳಗಿನ ತೇವ ಸಮ ಆಗುತ್ತದೆ. ಆಮೇಲೆ ಎರಡು ಮೂರು ದಿನದೊಳಗೆ ಬಳಸಿಬಿಡಿ. ಜಾಸ್ತಿ ಬಿಟ್ಟರೆ ಲೋಳೆ ಲೋಳೆ ಆಗಿ ಸಿಪ್ಪೆ ಕಳಚಿಕೊಳ್ಳುತ್ತದೆ. ಅಂದರೆ ಶನಿವಾರ ಹೆಣೆಯಬೇಕು ಅಂದರೆ ಹಿಂದಿನ ಶನಿವಾರದ ಹೊತ್ತಿಗೇ ನೀರಿಗೆ ಹಾಕಿರಬೇಕು. ಇವತ್ತು ಮೂಡ್ ಇದೆ, ಕೂತು ಒಂದು ಗೋಪುರ ಮಾಡಿಬಿಡೋಣ ಅನ್ನೋದು ಇಲ್ಲಿ ನಡೆಯುವುದಿಲ್ಲ.

ಊರಿನವಳಾಗಿ ನನಗೆ ಹೆಣಿಗೆ ಅಂದರೆ ಮೇದರು, ಬಿದಿರು. ನಮ್ಮ ಅಜ್ಜಿ ಮನೆ ತುಮಕೂರಿನ ಕಡೆ. ಸಂತೆಯಲ್ಲಿ ಮೇದರು ಮೊರ, ಕುಕ್ಕೆ, ಗೆರಸಿ ಹರಡಿಕೊಂಡು ಕೂತಿರುತ್ತಿದ್ದರು. ಹನ್ನೆರಡನೇ ಶತಮಾನದ ಶರಣರಲ್ಲೇ ಮೇದರ ಕೇತಯ್ಯ ಇದ್ದ ಅಂದಮೇಲೆ ಕಸುಬು ಎಷ್ಟು ಹಳೆಯದು ನೋಡಿ. ಅವರು ಕೆಲಸ ಮಾಡುವುದನ್ನು ನೋಡಿದ ನೆನಪಿನಿಂದಲೇ ಇಲ್ಲಿಗೆ ಹೋದರೆ ವಿಲೋ ಪೂರ್ತಿ ತಲೆಕೆಳಗು ಅನ್ನಿಸುತ್ತದೆ. ಬಿದಿರಲ್ಲಿ ಅರ್ಧ ಜೀವ ಕತ್ತಿಯಲ್ಲಿದೆ. ಬಿದಿರನ್ನು ಸೀಳಿ, ಮತ್ತೆ ಸೀಳಿ, ಮೇಲಿನ ಗಟ್ಟಿ ಪದರ ಬೇರೆ ಒಳಗಿನ ಮೆತ್ತನೆಯದು ಬೇರೆ ಮಾಡಿ, ಒಂದೇ ಅಗಲದ ಎಳೆಗಳನ್ನು ಅವರೇ ತಯಾರು ಮಾಡಿಕೊಳ್ಳುತ್ತಾರೆ. ಎಳೆ ಸಮ ಬಂತು ಅಂದರೆ ಹೆಣಿಗೆ ಸಲೀಸು. ವಿಲೋ ಬುಟ್ಟಿಗೆ ಸಾಮಾನ್ಯವಾಗಿ ಸೀಳುವ ಗೋಜೇ ಇಲ್ಲ. ಗಿಡ ಕೊಟ್ಟ ಕಡ್ಡಿಯನ್ನು ಇಡಿಯಾಗಿ ಬಳಸಬೇಕು, ಅದರ ದಪ್ಪ, ತೆಳು, ಡೊಂಕು ಸಮೇತ. ಹಾಗಾಗಿ ಕತ್ತಿಯ ಜಾಗದಲ್ಲಿ ಇಲ್ಲಿ ಕಣ್ಣು. ಟೀಚರ್ ರಾಶಿಗೆ ಕೈ ಹಾಕಿ, ಸರಿಯಾದದ್ದನ್ನು ನೋಡದೆಯೇ ಎಳೆಯುತ್ತಿದ್ದರು. ನಾನು ನಾಲ್ಕು ಎತ್ತಿ ನಾಲ್ಕು ವಾಪಸ್ ಇಡುತ್ತಿದ್ದೆ. ಹೆಣೆಯುವುದನ್ನು ಒಂದು ದಿನದಲ್ಲಿ ಯಾರಿಗೂ ತೋರಿಸಿಕೊಡಬಹುದು, ಆ ಆರಿಸುವುದು ಮಾತ್ರ ನನಗಿನ್ನೂ ಬಂದಿಲ್ಲ. ಬರುವುದಕ್ಕೆ ವರ್ಷಗಳೇ ಬೇಕು ಅನ್ನಿಸುತ್ತದೆ.

ಊರಿನ ಗೆಳತಿಯರು ಕೇಳುತ್ತಾರೆ, ನಾವಲ್ಲಿ ಮಾಡಬಹುದಾ ಅಂತ. ವಿಲೋ ಹುಡುಕಿಕೊಂಡು ಹೋಗಬೇಡಿ. ಕಾಶ್ಮೀರದಲ್ಲಿ ಇದೆ, ಚಳಿಗೆ ಕೆಂಡದ ಮಡಕೆ ಇಟ್ಟುಕೊಳ್ಳುವ ಕಾಂಗ್ರಿ ಬುಟ್ಟಿಗಳನ್ನು ಹೆಣೆಯುವುದೇ ಇಂಥ ಕಡ್ಡಿಯಲ್ಲಿ. ಆದರೆ ಬಯಲುಸೀಮೆಯ ಬಿಸಿಲಿಗೆ ತರಿಸಿಕೊಳ್ಳುವ ಅಗತ್ಯವೇನಿದೆ? ಹಳ್ಳದ ಬದಿಯಲ್ಲಿ ಲಕ್ಕಿ ಗಿಡ ಇರುತ್ತದಲ್ಲ, ಅದರ ಎಳೆಯ ಕಡ್ಡಿ ಹೆಣೆಯೋಕೆ ಬರುತ್ತದೆ. ತೊಗರಿ ಕಟಾವಾದ ಮೇಲೆ ಉಳಿಯುವ ಕಟ್ಟಿಗೆಯಲ್ಲೂ ಬುಟ್ಟಿ ಹೆಣೆಯುತ್ತಾರೆ. ನಿಂತ ಕಡ್ಡಿಗೆ ಬಿದಿರಿನ ದಬ್ಬೆ ಹಾಕಿ ಸುತ್ತಲೂ ಲಕ್ಕಿ ಹೆಣೆದರೆ ಹಿತ್ತಿಲ ಹೀರೆ ಬಳ್ಳಿಗೆ ಧಾರಾಳ ಆಯಿತು. ಎಡಗಡೆಯದನ್ನು ಎತ್ತುವ ಲೆಕ್ಕ ಅದಕ್ಕೂ ಅದೇ.

ಇಲ್ಲಿ ಗಾರ್ಡನ್ ಸೆಂಟರ್‌ಗಳಲ್ಲಿ ಇಂಥದ್ದೇ ಗೋಪುರ ರೆಡಿಮೇಡ್ ಸಿಗುತ್ತದೆ. ನಾನು ಒಂದು ದಿನ ಕಲಿಯೋಕೆ ಕೊಟ್ಟ ದುಡ್ಡಲ್ಲಿ ಮೂರು ನಾಲ್ಕು ಬರುತ್ತಿತ್ತು. ಒಂದನ್ನು ತಂದೂ ಇದ್ದೆವು ಹಿಂದೆ. ದೂರದಿಂದ ಚೆನ್ನಾಗಿತ್ತು, ಹತ್ತಿರ ಹೋದರೆ ಹೆಣಿಗೆ ಎಲ್ಲಾ ಮೊಳೆ ಮತ್ತು ತಂತಿಯ ಮೇಲೆ ನಿಂತಿತ್ತು. ಮೊದಲ ಗಾಳಿ ಮಳೆಗೆ ತಂತಿ ಬಿಚ್ಚಿಕೊಂಡಿತು. ಹೆಣಿಗೆ ನಿಲ್ಲುವುದು ಒಂದು ಕಡ್ಡಿ ಇನ್ನೊಂದನ್ನು ಒತ್ತಿ ಹಿಡಿದಿರುವುದರಿಂದ. ಗಟ್ಟಿಯಾಗಿ ಹೆಣೆದದ್ದಕ್ಕೆ ಮೊಳೆಯ ಹಂಗಿಲ್ಲ. ಬ್ರಿಸ್ಟಲ್‌ನ ಆಗಸ್ಟ್ ಬಲೂನ್ ಹಬ್ಬದಲ್ಲಿ ಆಕಾಶಕ್ಕೇರುವ ಬಿಸಿಗಾಳಿ ಬಲೂನಿನ ಕೆಳಗೆ ಜನ ನಿಲ್ಲುವ ಬುಟ್ಟಿ ಇದೆಯಲ್ಲ, ಅದನ್ನು ಈಗಲೂ ವಿಲೋ ಮತ್ತು ಬೆತ್ತದಲ್ಲಿ ಹೆಣೆಯುತ್ತಾರೆ. ನೆಲಕ್ಕೆ ಬಡಿದಾಗ ಬಳುಕಿ ಪೆಟ್ಟು ತಡೆದುಕೊಳ್ಳುತ್ತದೆ ಅಂತ. ಲಂಡನ್ನಿನಲ್ಲಿ ಬುಟ್ಟಿ ಹೆಣೆಯುವವರ ಸಂಘ ಶುರುವಾಗಿದ್ದು 1569ರಲ್ಲಿ, ಇವತ್ತಿಗೂ ಇದೆ. ಪ್ಲಾಸ್ಟಿಕ್ ಬಂದಮೇಲೆ ಸಾಮರ್‌ಸೆಟ್‌ನಲ್ಲಿ ವಿಲೋ ಬೆಳೆಗಾರರು ಬೆರಳೆಣಿಕೆಗೆ ಇಳಿದರು. ಈಗ ಉಳಿದವರು ತೋಟದ ಸಾಮಾನು, ನಮ್ಮಂಥವರಿಗೆ ಪಾಠ, ಮತ್ತೆ ಶವಪೆಟ್ಟಿಗೆಗಳ ಮೇಲೆ ನಡೆಯುತ್ತಿದ್ದಾರೆ. ಹೌದು, ಹೆಣೆದ ಶವಪೆಟ್ಟಿಗೆ. ಇಲ್ಲಿ ಅದಕ್ಕೆ ಒಳ್ಳೆ ಬೇಡಿಕೆ ಇದೆ.

ನನ್ನ ಗೋಪುರ ಮೇ ತಿಂಗಳ ಕೊನೆಗೆ ತೋಟದಲ್ಲಿ ನಿಂತಿತು. ಇಬ್ಬನಿ ಹೆಪ್ಪುಗಟ್ಟುವ ಭಯ ಹೋದಮೇಲೆ ರನ್ನರ್ ಬೀನ್ಸ್ ಸಸಿ ನೆಟ್ಟೆ. ಜುಲೈಗೆ ಕೆಂಪು ಹೂವು, ಆಗಸ್ಟಲ್ಲಿ ದಿನಾ ಬೀನ್ಸ್ ಪಲ್ಯ. ವಿಡಿಯೋ ಕಾಲಲ್ಲಿ ಅಮ್ಮನಿಗೆ ತೋರಿಸಿದರೆ, "ಏನೇ ಅದು, ಕೋಳಿ ಮುಚ್ಚೋ ಪಂಜರನಾ? ಇಷ್ಟೆತ್ತರ ಯಾಕೆ?" ಅಂದರು. ಬಳ್ಳಿಗೆ ಅಂದಮೇಲೆ, "ನಾಲ್ಕು ಗಳ ನೆಟ್ಟು ಚಪ್ಪರ ಹಾಕೋದು ಬಿಟ್ಟು!" ಅಂತ ನಕ್ಕರು. ಅವರು ಹೇಳಿದ್ದೂ ಸರಿಯೇ, ಬೀನ್ಸ್‌ಗೆ ಗಳವೇ ಸಾಕು.

ಎಷ್ಟು ವರ್ಷ ಬರುತ್ತದೆ? ಬಯಲಲ್ಲಿ ಬಿಟ್ಟರೆ ಮೂರರಿಂದ ಐದು ವರ್ಷ. ಮೊದಲು ಹೋಗುವುದು ಮಣ್ಣಿಗೆ ತಾಗುವ ಬುಡ. ಬ್ರಿಡ್ಜ್‌ವಾಟರ್ ಹತ್ತಿರ ಎಂ5 ಹೆದ್ದಾರಿ ಪಕ್ಕ 2000ದಲ್ಲಿ ಸೆರೆನಾ ಡೆ ಲಾ ಹೇ ಅನ್ನುವ ಕಲಾವಿದೆ 12 ಮೀಟರ್ ಎತ್ತರದ ವಿಲೋ ಮನುಷ್ಯನನ್ನು ನಿಲ್ಲಿಸಿದ್ದರು, ಒಳಗೆ ಸ್ಟೀಲ್ ಚೌಕಟ್ಟು, ಮೇಲೆ ಹೆಣಿಗೆ. ಮರುವರ್ಷ ಬೆಂಕಿಗೆ ಹೋಯಿತು, ಮತ್ತೆ ಹೆಣೆದರು, ಆಮೇಲೆ ಗಾಳಿ ಮಳೆಗೆ ಮೆಲ್ಲಗೆ ಸವೆಯಿತು. ಹಕ್ಕಿಗಳೂ ಗೂಡಿಗೆ ಕಡ್ಡಿ ಕಿತ್ತುಕೊಂಡು ಹೋದವು. ನಮ್ಮದಕ್ಕೆ ವರ್ಷಕ್ಕೊಂದು ಸಲ ಚೆನ್ನಾಗಿ ಒಣಗಿದ ದಿನ ಅಗಸೆ ಎಣ್ಣೆ ಬಳಿದರೆ ಆಯುಷ್ಯ ಸ್ವಲ್ಪ ಜಾಸ್ತಿ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಆರುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ತೋಟಕ್ಕೆ ಹಸಿ ಕಡ್ಡಿ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಚಳಿಗಾಲದಲ್ಲಿ ಆಗಷ್ಟೇ ಕೊಯ್ದ ವಿಲೋ ಕಡ್ಡಿಯನ್ನು ಮಣ್ಣಿಗೆ ಚುಚ್ಚಿದರೆ ಅದು ಬೇರು ಬಿಡುತ್ತದೆ. ಗೊಬ್ಬರ ಬೇಡ, ಆರೈಕೆ ಬೇಡ. ನಮ್ಮ ಅಲಾಟ್‌ಮೆಂಟ್‌ನಲ್ಲಿ, ಅಂದರೆ ಕೌನ್ಸಿಲ್ ಬಾಡಿಗೆಗೆ ಕೊಡುವ ತರಕಾರಿ ತೋಟದಲ್ಲಿ, ಪಕ್ಕದ ತುಂಡಿನ ಅಜ್ಜ ಯಾರೋ ಪುಕ್ಕಟೆ ಕೊಟ್ಟರು ಅಂತ ಹಸಿ ಕಡ್ಡಿಯಲ್ಲೇ ಬಟಾಣಿಗೆ ಊರುಗೋಲು ಮಾಡಿದ್ದರು. ಜೂನ್ ಹೊತ್ತಿಗೆ ಬಟಾಣಿಗಿಂತ ಊರುಗೋಲೇ ಸೊಂಪಾಗಿ ಬೆಳೆದಿತ್ತು. ಹಾಗಾಗಿ ಊರುಗೋಲಿಗೆ ಒಣ ಕಡ್ಡಿ, ಬೇಲಿಗೆ ಹಸಿ ಕಡ್ಡಿ.

ಆ ಬೇಲಿಯೇ ನನ್ನ ಮುಂದಿನ ಆಸೆ. ಹಸಿ ಕಡ್ಡಿಗಳನ್ನು ಒಂದಡಿ ಆಳಕ್ಕೆ ಓರೆಯಾಗಿ ಚುಚ್ಚಿ, ಎಡಕ್ಕೊಂದು ಬಲಕ್ಕೊಂದು ಹಾಯಿಸಿ, ಡೈಮಂಡ್ ಆಕಾರದಲ್ಲಿ ಹೆಣೆದುಬಿಟ್ಟರೆ ವಸಂತದಲ್ಲಿ ಅದೇ ಚಿಗುರಿ ಹಸಿರು ಗೋಡೆ ಆಗುತ್ತದೆ. ವಿಲೋ ಬೇಗ ಹೂ ಬಿಡುವುದರಿಂದ ಜೇನಿಗೂ ಒಳ್ಳೆಯದು. ಪ್ರತಿ ಚಳಿಗಾಲದಲ್ಲಿ ಕತ್ತರಿಸಿದ ಕಡ್ಡಿ ಮತ್ತೆ ಹೆಣಿಗೆಗೆ ಸಿಗುತ್ತದೆ. ಮನೆಯ ಹಿತ್ತಿಲಲ್ಲಿ ಹಾಕೋ ಹಾಗಿಲ್ಲ, ಅದರ ಬೇರು ನೀರು ಹುಡುಕಿಕೊಂಡು ಚರಂಡಿ ಪೈಪಿನೊಳಗೆ ನುಗ್ಗುತ್ತದೆ. ಕಟ್ಟಡದಿಂದ, ಪೈಪಿನಿಂದ ಕಡಿಮೆ ಅಂದರೂ ಹತ್ತು ಮೀಟರ್ ದೂರ ಇರಲಿ ಅನ್ನುತ್ತಾರೆ. ನಮ್ಮ ಹಿತ್ತಿಲೇ ಅಷ್ಟು ಉದ್ದ ಇಲ್ಲ. ಅಲಾಟ್‌ಮೆಂಟ್‌ನಲ್ಲಿ ಜಾಗ ಇದೆ, ಆದರೆ ಅಲ್ಲಿ ಮರ ನೆಡುವಂತಿಲ್ಲ ಅನ್ನೋ ನಿಯಮ. ಇದು ಮರವಾ, ಬೇಲಿಯಾ? ಪ್ರತಿ ವರ್ಷ ಹೊಸ ಚಿಗುರನ್ನೆಲ್ಲ ಕತ್ತರಿಸುತ್ತೇನೆ, ಬೇಲಿ ಅಂತಲೇ ಲೆಕ್ಕ ಹಿಡಿಯಿರಿ ಅಂತ ಕಮಿಟಿಗೆ ಬರೆದಿದ್ದೇನೆ. ಪಕ್ಕದ ಅಜ್ಜನೂ ಆ ಕಮಿಟಿಯಲ್ಲಿದ್ದಾರೆ, ಅವರ ಬಟಾಣಿ ಕಥೆ ಎಲ್ಲರಿಗೂ ಗೊತ್ತು. ಒಪ್ಪುತ್ತಾರೆ ಅಂತ ನನಗೇನೂ ಜಾಸ್ತಿ ನಂಬಿಕೆ ಇಲ್ಲ.